ದುಡ್ಡು ಕೊಟ್ಟ ನೆಂಟ

ನೆಂಟರ ಮನೆಗೆ ಹೋಗಿ ಉಳಿಯುವುದೆಂದರೆ ನನಗೆ ಆಗದು. ಬೇಗ ಏಳಬೇಕು, ಬಡಿಸಿದ್ದನ್ನು ತಿನ್ನಬೇಕು, ಬಚ್ಚಲಿಗೆ ಸರದಿ ಕಾಯಬೇಕು, ಸಾಲದ್ದಕ್ಕೆ ಯಜಮಾನರ ಬಾಯಲ್ಲಿ ಅಡಿಕೆ ಧಾರಣೆಯ ಪುರಾಣ ಕೇಳಬೇಕು. ತೀರ್ಥಹಳ್ಳಿ ಹತ್ತಿರದ ಮಾವನ ಮನೆಯನ್ನು ಇವೇ ಕಾರಣಕ್ಕೆ ವರ್ಷಗಳಿಂದ ತಪ್ಪಿಸಿಕೊಂಡು ಬಂದವನು ನಾನು. ಅಂಥವನು ಈ ಮಳೆಗಾಲದಲ್ಲಿ ಕೊಪ್ಪದ ಕಡೆಯ ಹೋಂಸ್ಟೇ ಒಂದಕ್ಕೆ ತಲೆಗೆ 2,500 ರೂಪಾಯಿಯಂತೆ ಮುಂಗಡ ಕಟ್ಟಿ, ಮೇಲಿನ ಎಲ್ಲವನ್ನೂ ಸಂತೋಷದಿಂದ ಅನುಭವಿಸಿ ಬಂದೆ.

“ನನ್ನ ತವರಲ್ಲೂ ಇದೇ ಮಳೆ ರೀ. ಅಲ್ಲಿ ಪುಕ್ಕಟೆ ಸುರೀತದೆ” ಎಂದಳು ಹೆಂಡತಿ.

“ಅದು ನೆಂಟಸ್ತಿಕೆ. ಇದು ಪ್ರವಾಸೋದ್ಯಮ” ಎಂದೆ.

ಉದ್ಯಮವೇನೋ ಹೌದು. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಕೊಡಗು, ಚಿಕ್ಕಮಗಳೂರಿನ ಎಷ್ಟೋ ಬೆಳೆಗಾರರು ಮನೆಯ ಖಾಲಿ ಕೋಣೆಗಳನ್ನು ಅತಿಥಿಗಳಿಗೆ ತೆರೆದರು. ಜಾಣತನದ ಬೆಳೆ ಅದು. ಕಾಫಿಗೆ ಕಾಂಡಕೊರಕ, ಮೆಣಸಿನ ಬಳ್ಳಿಗೆ ಸೊರಗು ರೋಗ, ಅಡಿಕೆಗೆ ಕೊಳೆ. ಬೆಂಗಳೂರಿನವರಿಗೆ ಮಾತ್ರ ಯಾವ ರೋಗವೂ ತಗಲುವುದಿಲ್ಲ. ಶನಿವಾರ ಬಂತೆಂದರೆ ತಾವೇ ಕಾರು ಹತ್ತಿ ಬಂದು ಕೊಯ್ಲಿಗೆ ನಿಲ್ಲುತ್ತಾರೆ.

ಜಗಲಿ ಹತ್ತುತ್ತಲೇ ಮನೆಯೊಡತಿ “ಬನ್ನಿ ಬನ್ನಿ, ಆಸರಿಗೆ ಎಂತ ಮಾಡ್ಲಿ?” ಎನ್ನುತ್ತ ಬೆಲ್ಲ, ನೀರು ಇಟ್ಟರು. ರಾತ್ರಿ ಊಟಕ್ಕೆ ಒಂದೆಲಗದ ತಂಬುಳಿ. ಅತ್ತೆ ಇದೇ ತಂಬುಳಿ ಬಡಿಸಲು ಬಂದರೆ ಹೊಟ್ಟೆ ತುಂಬಿತೆಂದು ಎಲೆಗೆ ಕೈ ಅಡ್ಡ ಹಿಡಿಯುವ ನಾನು, ಇಲ್ಲಿ ಕೇಳಿ ಕೇಳಿ ಹಾಕಿಸಿಕೊಂಡು, ಸುರಿದು, “ಅಮ್ಮಾ, ಇದರ ರೆಸಿಪಿ ನಮ್ಮವಳಿಗೂ ಸ್ವಲ್ಪ ಹೇಳಿಕೊಡಿ” ಎಂದೆ. ಹುಟ್ಟಿದಾಗಿನಿಂದ ತಂಬುಳಿ ಉಂಡು ಬೆಳೆದ ನಮ್ಮವಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಊಟವಾದ ಮೇಲೆ ಕರೆಂಟು ಹೋಯಿತು. ನೆಟ್‌ವರ್ಕ್ ಮೊದಲೇ ಇರಲಿಲ್ಲ. ಯಜಮಾನರು ಲಾಟೀನಿನ ಬೆಳಕಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲುಗಳ ಧಾರಣೆ ಬಿಡಿಸಿ ಹೇಳಿದರು. ನಾನು ಗಲ್ಲಕ್ಕೆ ಕೈಯಾನಿಸಿ, “ಹೌದಾ! ಆಮೇಲೆ?” ಎಂದು ಕೇಳಿದೆ. ಮದುವೆಯಾದಂದಿನಿಂದ ಮಾವ ಇದನ್ನೇ ಹೇಳುತ್ತಿದ್ದಾರೆ. ಅವರಿಗೆ ಫೀಸು ಕೊಟ್ಟಿರಲಿಲ್ಲವಾದ್ದರಿಂದ ತಲೆಗೆ ಹತ್ತಿರಲಿಲ್ಲ.

ಬೆಳಗ್ಗೆ ಆರಕ್ಕೇ ಎದ್ದೆ. ಹಂಡೆ ಒಲೆಗೆ ಅಡಿಕೆ ಸಿಪ್ಪೆ ನೂಕಿದೆ. ಹೊಗೆಗೆ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ “ಆಹಾ, ಎಂಥ ಪರಿಮಳ” ಎಂದೆ. ಕಡುಬು ತಿಂದಾದ ಮೇಲೆ ನನ್ನ ತಟ್ಟೆಯನ್ನು ನಾನೇ ಎತ್ತಿಕೊಂಡು ಹೋಗಿ ತೊಳೆದಿಟ್ಟೆ. ತೋಟಕ್ಕೆ ಹುಲಿ ಬಂದಿದ್ದರೂ ನನ್ನ ಹೆಂಡತಿ ಅಷ್ಟು ಬೆರಗಾಗಿ ನೋಡುತ್ತಿರಲಿಲ್ಲ.

ಆಮೇಲೆ ತೋಟ ಸುತ್ತಲು ಹೊರಟೆವು. ಇಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದಂಥ ರಸ ಬಿಡುತ್ತದೆ, ಅದಕ್ಕೇ ಅದು ಬಿದ್ದುಹೋದ ಮೇಲೂ ನೆತ್ತರು ಒಸರುತ್ತಲೇ ಇರುತ್ತದೆ, ಕಚ್ಚಿದ್ದು ಗೊತ್ತೂ ಆಗುವುದಿಲ್ಲ ಎಂದು ಜೊತೆಯ ಅತಿಥಿಗಳಿಗೆ ವಿವರಿಸುತ್ತಿದ್ದೆ. ಎಲ್ಲರೂ ತದೇಕಚಿತ್ತದಿಂದ ನನ್ನ ಕಾಲನ್ನೇ ನೋಡುತ್ತಿದ್ದರು. ಬಿಳಿ ಕಾಲುಚೀಲ ಕೆಂಪಾಗಿತ್ತು. ಮುಂದಿನದನ್ನು ಪ್ರವಚನ ಎನ್ನಲಾಗದು, ಕುಣಿತ ಎನ್ನಬಹುದು. ಮನೆಯೊಡತಿ ಸುಣ್ಣ ತಂದು ಹಚ್ಚುತ್ತ, “ಹೋಗ್ಲಿ ಬಿಡಿ, ನಮ್ಮಲ್ಲಿ ಬಿಟ್ಟಿ ಊಟ ಇರೋದು ಅದಕ್ಕೊಂದೇ” ಎಂದರು.

ಹೊರಡುವಾಗ ಅಭಿಪ್ರಾಯ ಬರೆಯಲು ಪುಸ್ತಕ ಕೊಟ್ಟರು. “ನಮ್ಮ ಮನೆಯಲ್ಲೇ ಇದ್ದ ಹಾಗಿತ್ತು” ಎಂದು ಬರೆದು ಸಹಿ ಹಾಕಿದೆ. ಹೆಂಡತಿ ಪೆನ್ನು ಕಿತ್ತುಕೊಂಡು ಕೆಳಗೆ ಸೇರಿಸಿದಳು: “ಸುಳ್ಳು. ಮನೆಯಲ್ಲಿ ಇವರು ಹೀಗಿರುವುದಿಲ್ಲ. ಇಲ್ಲಿ ಹೀಗೇ ಇರುವುದಾದರೆ ತಿಂಗಳ ಬಾಡಿಗೆ ನಾನೇ ಕಳಿಸುತ್ತೇನೆ, ದಯವಿಟ್ಟು ಇಟ್ಟುಕೊಳ್ಳಿ.”

ಮನೆಯೊಡತಿ ಕನ್ನಡಕ ಏರಿಸಿ ಎರಡನ್ನೂ ಓದಿದರು. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

“ಕೊನೆ ಕೊಯ್ಲಿಗೆ ಆಳು ಸಿಗೋದೇ ಕಷ್ಟ ಆಗಿದೆ ಮಾರಾಯ್ತಿ” ಎಂದರು ನನ್ನ ಹೆಂಡತಿಗೆ, “ಇವರಿಗೆ ಅಡಿಕೆ ಸುಲಿಯೋಕೆ ಬರ್ತದಾ?”