ಮರುವಿದ್ಯಾರ್ಥಿ ಮೀಮಾಂಸೆ: ಸೈಟಿನಿಂದ ಕ್ಲಾಸಿಗೆ ಮರಳಿದ ಡಿಪ್ಲೊಮಾದಾರನ ಕುರಿತು ಒಂದು ಸಪ್ರಮಾಣ ಚರ್ಚೆ

ಸಿವಿಲ್ ಡಿಪ್ಲೊಮಾ ಮುಗಿಸಿ, ವರ್ಷಗಟ್ಟಲೆ ಸೈಟಿನ ಧೂಳು ಕುಡಿದು, ತಲೆಯಲ್ಲಿ ನರೆ ಇಣುಕುವ ಹೊತ್ತಿಗೆ ಬಿ.ಇ. ಮಾಡಲು ಕಾಲೇಜು ಸೇರುವ ಜೀವಿಯ ಬಗ್ಗೆ ನಮ್ಮ ಶಾಸ್ತ್ರಕಾರರು ತುಟಿ ಬಿಚ್ಚಿಲ್ಲ. ಬ್ರಹ್ಮಚರ್ಯದಿಂದ ಗಾರ್ಹಸ್ಥ್ಯಕ್ಕೆ, ಅಲ್ಲಿಂದ ವಾನಪ್ರಸ್ಥಕ್ಕೆ ದಾರಿ ತೋರಿಸಿದರೇ ಹೊರತು, ಗಾರ್ಹಸ್ಥ್ಯದ ನಟ್ಟನಡುವೆ, ಮನೆ ಸಾಲದ ಕಂತು ಕಟ್ಟುತ್ತಲೇ ಬ್ರಹ್ಮಚರ್ಯಕ್ಕೆ ಯೂ-ಟರ್ನ್ ಹೊಡೆಯುವವನಿಗೆ ವಿಧಿನಿಷೇಧ ಬರೆದಿಡಲಿಲ್ಲ. ಆ ಕೊರತೆಯನ್ನು ನೀಗುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಲಕ್ಷಣ. ‘ವಯಸ್ಸಾದ ವಿದ್ಯಾರ್ಥಿ’ ಎಂದರೆ ಅತಿವ್ಯಾಪ್ತಿ ದೋಷ. ಬ್ಯಾಕ್ ಮೇಲೆ ಬ್ಯಾಕ್ ಉಳಿಸಿಕೊಂಡು ಕಾಲೇಜಿನಲ್ಲೇ ಮಾಗಿದವರೂ ಒಳಗೆ ನುಗ್ಗಿಬಿಡುತ್ತಾರೆ. ‘ಪ್ಯಾಂಟಿಗೆ ಸಿಮೆಂಟು ಮೆತ್ತಿಕೊಂಡವನು’ ಎಂದರೆ ಅವ್ಯಾಪ್ತಿ. ಸೋಮವಾರ ಪ್ಯಾಂಟು ಒಗೆದಿರುತ್ತದೆ. ಆದ್ದರಿಂದ ನಿರ್ದುಷ್ಟ ಲಕ್ಷಣ ಹೀಗೆ: ಕ್ಲಾಸಿಗೆ ಕಾಲಿಟ್ಟ ಕೂಡಲೇ ಬೋರ್ಡಿಗಿಂತ ಮೊದಲು ಸೀಲಿಂಗು ನೋಡಿ, ಬೀಮಿನ ಪಕ್ಕದ ಬಿರುಕು ಪ್ಲಾಸ್ಟರಿನದೋ ಸ್ಟ್ರಕ್ಚರಿನದೋ ಎಂದು ತೀರ್ಮಾನಿಸಿ, ಅದರ ಕೆಳಗಿನ ಬೆಂಚು ಬಿಟ್ಟು ಕೂರುವವನೇ ಮರುವಿದ್ಯಾರ್ಥಿ. ಇಷ್ಟು ಸೂಕ್ಷ್ಮ ಬೇಡವೆನ್ನುವವರು ಯುಎಸ್‌ಎನ್ ನೋಡಿದರೂ ಆದೀತು. ಡಿಸಿಇಟಿ ಬರೆದು ನೇರ ಮೂರನೇ ಸೆಮಿಸ್ಟರಿಗೆ ಬಂದವರ ನಂಬರು ವಿಟಿಯುನಲ್ಲಿ 400ರಿಂದ ಶುರುವಾಗುತ್ತದೆ. ಅರವತ್ತು ಜನರ ಕ್ಲಾಸಿನಲ್ಲಿ ನಾನೂರನೆಯವನಾಗಿ ಹಾಜರಿ ಹೇಳುವ ಯೋಗ ಇನ್ನಾರಿಗುಂಟು?

ಇನ್ನು ಕಾರಣ. ‘ಜ್ಞಾನತೃಷೆ’ ಎಂಬ ಉತ್ತರ ಪ್ರವೇಶದ ಅರ್ಜಿಯಲ್ಲಿ ಸಿಗುತ್ತದೆ, ಅಲ್ಲಿಯೇ ಇರಲಿ. ಲೋಕೋಪಯೋಗಿ ಇಲಾಖೆಯಲ್ಲಿ ಡಿಪ್ಲೊಮಾ ಮಾಡಿದವನು ಜೆಇ, ಡಿಗ್ರಿ ಮಾಡಿದವನು ಎಇ. ನಡುವಿನ ಅಂತರ ಒಂದೇ ಅಕ್ಷರವಾದರೂ ಅದನ್ನು ದಾಟಲಾಗದೆ ಎಷ್ಟೋ ಜೀವಗಳು ಜೀಪಿನ ಹಿಂದಿನ ಸೀಟಿನಲ್ಲೇ ಸವೆದಿವೆ. ಖಾಸಗಿ ಕಂಪನಿಗಳಲ್ಲಿ ಅಕ್ಷರ ಬೇರೆ, ಸೀಟು ಅದೇ. ವಿಚಿತ್ರವೆಂದರೆ ಈ ಅಂತರ ಮೇಸ್ತ್ರಿಗೆ ಕಾಣುವುದೇ ಇಲ್ಲ. ಡಿಗ್ರಿಗೆ ಸೇರಿದೆ ಎಂದು ತಿಳಿಸಿದಾಗ ಅವನು ಕೇಳುವುದು ಒಂದೇ ಪ್ರಶ್ನೆ: “ನೀವು ಆಗ್ಲೇ ಇಂಜಿನಿಯರ್ರೇ ಅಲ್ವಾ ಸಾರ್?”

ಈಗ ಪ್ರಬಂಧದ ಹೃದಯಕ್ಕೆ, ಅಂದರೆ ಪ್ರಮಾಣ ವಿಚಾರಕ್ಕೆ ಬರೋಣ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ. ಕಾಲೇಜು ಒಪ್ಪುವುದು ಶಬ್ದವನ್ನು ಮಾತ್ರ, ಅದೂ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಶಬ್ದವನ್ನು. ಸೈಟಿನವರು ಶುದ್ಧ ಚಾರ್ವಾಕರು. ಕಣ್ಣಿಗೆ ಕಂಡದ್ದಷ್ಟೇ ನಿಜ. (ಸಾಲದ ವಿಷಯದಲ್ಲೂ ಈ ಎರಡು ಪಂಥಗಳಿಗೆ ಹೋಲಿಕೆಯುಂಟು ಎಂದು ಸಿಮೆಂಟು ಅಂಗಡಿಯವರ ಮತ.) ಮೇಸ್ತ್ರಿ ಒಮ್ಮೊಮ್ಮೆ ಉಪಮಾನವನ್ನೂ ಬಳಸುತ್ತಾನೆ. “ಕನ್ನಂಬಾಡಿ ಕಟ್ಟೆ ಸುರ್ಕಿ ಗಾರೇಲಿ ನಿಂತಿಲ್ವಾ ಸಾರ್, ನಿಮ್ಮ ಗ್ರೇಡು ಗೀಡು ಯಾವನು ಕೇಳ್ದ?” ಎಂದು ಅವನು ವಾದಕ್ಕಿಳಿದರೆ ಎದುರಿಗೆ ನಿಲ್ಲುವ ತಾರ್ಕಿಕ ಇನ್ನೂ ಹುಟ್ಟಿಲ್ಲ.

ಪ್ರಮಾಣಗಳ ಈ ಘರ್ಷಣೆ ಸ್ಪಷ್ಟವಾಗಿ ಗೋಚರಿಸುವ ಸ್ಥಳ ಕಾಂಕ್ರೀಟ್ ಲ್ಯಾಬು. ಸ್ಲಂಪ್ ಕೋನು ಮುನ್ನೂರು ಮಿ.ಮೀ. ಎತ್ತರ, ಬುಡ ಇನ್ನೂರು, ಬಾಯಿ ನೂರು. ಪ್ರತಿ ಪದರಕ್ಕೆ ಕಂಬಿಯಿಂದ 25 ಏಟು. ಹುಡುಗರು ಮ್ಯಾನ್ಯುಯಲ್ ಓದುತ್ತ ಏಟು ಎಣಿಸುತ್ತಿದ್ದಾರೆ. ಮರುವಿದ್ಯಾರ್ಥಿ ಕಿಟಕಿಯ ಹತ್ತಿರ ಕೈಕಟ್ಟಿ ನಿಂತಿದ್ದಾನೆ. ಕೋನು ಎತ್ತುವ ಮೊದಲೇ, “ನೀರು ಜಾಸ್ತಿಯಾಯ್ತು ಸಾರ್” ಎನ್ನುತ್ತಾನೆ. ಎತ್ತುತ್ತಾರೆ, ಕಾಂಕ್ರೀಟು ಸೊಂಟ ಮುರಿದುಕೊಂಡು ಕೂತುಬಿಡುತ್ತದೆ. “ಹೇಗೆ ಗೊತ್ತಾಯ್ತು?” ಎಂದು ಲೆಕ್ಚರರು. “ಸಲಿಕೆ ಸದ್ದು ಸಾರ್. ಕಲೆಸೋವಾಗ ಕರ್‌ಕರ್ ಅನ್ಬೇಕು, ಇದು ಪಿಚಪಿಚ ಅಂತಿತ್ತು.” ಲೆಕ್ಚರರು ಒಂದು ಕ್ಷಣ ಯೋಚಿಸಿ ರೆಕಾರ್ಡ್ ಪುಸ್ತಕ ತಿರುವಿಹಾಕುತ್ತಾರೆ. ಅದರಲ್ಲಿ ನೀರಿಗೆ ಕಾಲಂ ಇದೆ, ಸಿಮೆಂಟಿಗಿದೆ, ಸ್ಲಂಪಿಗಿದೆ, ಸದ್ದಿಗೆ ಇಲ್ಲ. ನೀರು ಹೆಚ್ಚಾದರೆ ಬಲ ಕುಗ್ಗುತ್ತದೆ ಎಂಬುದನ್ನು ಡಫ್ ಏಬ್ರಮ್ಸ್ 1918ರಲ್ಲಿ ಪ್ರಕಟಿಸಿದ ಎಂದು ಬರೆದರೆ ಅಂಕ ಬರುತ್ತದೆ. ಮೇಸ್ತ್ರಿಯ ಅಪ್ಪ ಬೈದು ಹೇಳಿಕೊಟ್ಟ ಎಂದು ಬರೆದರೆ ಬರುವುದಿಲ್ಲ.

ಸಂಬೋಧನೆಯ ಸಮಸ್ಯೆ ಜಟಿಲವಾದದ್ದು. ಲೆಕ್ಚರರು ಮರುವಿದ್ಯಾರ್ಥಿಗಿಂತ ಚಿಕ್ಕವರು, ಹಾಗಾಗಿ ಅವರು ಇವನನ್ನು ‘ಸಾರ್’ ಎನ್ನುತ್ತಾರೆ. ಇವನೂ ಅವರನ್ನು ‘ಸಾರ್’ ಎನ್ನುತ್ತಾನೆ. ಇಬ್ಬರು ಸಾರುಗಳ ನಡುವೆ ಪಾಠ ಬಾಗಿಲಲ್ಲೇ ನಿಂತು, ಮೊದಲು ಯಾರು ಒಳಗೆ ಬರಬೇಕೆಂದು ಕಾಯುತ್ತದೆ. ಸಹಪಾಠಿಗಳಲ್ಲಿ ಸಜ್ಜನರು ‘ಅಣ್ಣ’ ಎನ್ನುತ್ತಾರೆ, ಉಳಿದವರು ‘ಅಂಕಲ್’. ಪರೀಕ್ಷೆಯ ಹಿಂದಿನ ರಾತ್ರಿ ಇಂಪಾರ್ಟೆಂಟ್ ಪ್ರಶ್ನೆಗಳ ಪಟ್ಟಿಗಾಗಿ ಇವನೇ ಅವರಿಗೆ ಫೋನು ಮಾಡಬೇಕಾಗುವುದರಿಂದ ಎರಡಕ್ಕೂ ಓಗೊಡುತ್ತಾನೆ.

ಹಾಜರಾತಿ ಶೇ. 85 ಇರಬೇಕೆಂಬ ನಿಯಮವನ್ನು ಇಲ್ಲಿ ಚರ್ಚಿಸುವುದಿಲ್ಲ. ಸ್ಲ್ಯಾಬ್ ಹಾಕುವ ದಿನವೂ ಇಂಟರ್ನಲ್ಸೂ ಒಂದೇ ದಿನ ಬೀಳುವುದು ಜ್ಯೋತಿಷ್ಯದ ವಿಷಯ.

ಸರ್ವೆ ಕ್ಯಾಂಪಿನಲ್ಲಿ ಮಾತ್ರ ಗ್ರಹಗತಿ ಬದಲಾಗುತ್ತದೆ. ಹೊಸ ಕೆರೆ, ಹಳೆ ಕೆರೆ, ಹೈವೇ, ನೀರು ಸರಬರಾಜು ಎಂದು ಊರಾಚೆ ಲೆವೆಲ್ ಮಷೀನು ಹೊತ್ತು ಹೊರಟಾಗ ಹುಡುಗರು ಟ್ರೈಪಾಡ್ ಕಾಲು ಸರಿಪಡಿಸುವಷ್ಟರಲ್ಲಿ ಇವನು ಗುಳ್ಳೆಯನ್ನು ನಡುವಿಗೆ ತಂದು, ಸ್ಟಾಫ್ ಹಿಡಿದವನಿಗೆ ದೂರದಿಂದಲೇ ಕೈಸನ್ನೆ ಮಾಡಿರುತ್ತಾನೆ. ಊರವರು ಬಂದು ಗುಂಪುಗೂಡುತ್ತಾರೆ. ಟೋಪಿ ಹಾಕಿದ ಲೆಕ್ಚರರನ್ನು ದಾಟಿ, ಜಿಪಿಎಸ್ ಹಿಡಿದ ಹುಡುಗರನ್ನು ದಾಟಿ, ನೇರ ಮರುವಿದ್ಯಾರ್ಥಿಯ ಮುಂದೆ ನಿಂತು ಕೇಳುತ್ತಾರೆ: “ಈ ಸಲನಾದ್ರೂ ರೋಡು ಆಗುತ್ತಾ ಸಾರ್?” ವಿಶ್ವವಿದ್ಯಾಲಯ ಇನ್ನೂ ಕೊಡದ ಪದವಿಯನ್ನು ಊರು ಆಗಲೇ ಕೊಟ್ಟಿರುತ್ತದೆ. ಅಭ್ಯಾಸಬಲದಿಂದ ಇವನೂ, “ಎಸ್ಟಿಮೇಟ್ ಹೋಗಿದೆ, ನೋಡೋಣ” ಎಂದುಬಿಡುತ್ತಾನೆ.

ಹಾಗಾದರೆ ಕ್ಲಾಸಿನಿಂದ ಇವನಿಗೆ ಏನೂ ದಕ್ಕುವುದಿಲ್ಲವೇ ಎಂಬುದು ಪೂರ್ವಪಕ್ಷ. ದಕ್ಕುತ್ತದೆ, ಒಂದು ಉದಾಹರಣೆ ಸಾಕು. ಕಂಬಿಯ ತೂಕ ಕಂಡುಹಿಡಿಯಲು ಸೈಟಿನಲ್ಲಿ ಎಲ್ಲರಿಗೂ ಬರುವ ಮಂತ್ರವೊಂದಿದೆ: ವ್ಯಾಸದ ವರ್ಗವನ್ನು 162ರಿಂದ ಭಾಗಿಸು, ಮೀಟರಿಗೆ ಇಷ್ಟು ಕೆಜಿ. ಹನ್ನೆರಡು ಎಂಎಂ ಕಂಬಿಗೆ 144 ಭಾಗಿಸು 162, ಅಂದರೆ 0.89. ಲಾರಿಗಟ್ಟಲೆ ಕಂಬಿಯನ್ನು ಈ ಮಂತ್ರದಿಂದ ಇಳಿಸಿಕೊಂಡವನಿಗೆ 162 ಎಲ್ಲಿಂದ ಬಂತೆಂದು ಕೇಳಬೇಕೆನಿಸಿರಲಿಲ್ಲ. ಗಾಯತ್ರಿ ಜಪಿಸುವವನು ಛಂದಸ್ಸು ಕೇಳುತ್ತಾನೆಯೇ? ಒಂದು ಮಧ್ಯಾಹ್ನ, ಊಟದ ನಂತರದ ಪೀರಿಯಡ್ಡಿನಲ್ಲಿ, ಉಕ್ಕಿನ ಸಾಂದ್ರತೆ ಘನಮೀಟರಿಗೆ 7850 ಕೆಜಿ ಎಂದು ಬೋರ್ಡಿನ ಮೇಲೆ ಬಿತ್ತು. ಇವನ ಕೈ ತಾನಾಗಿ ನೋಟ್‌ಬುಕ್ಕಿನ ಹಿಂಬದಿಗೆ ಹೋಯಿತು. ವೃತ್ತದ ವಿಸ್ತೀರ್ಣ, ಪೈ ಭಾಗಿಸು ನಾಲ್ಕು, ಗುಣಿಸು 7850, ಮಿಲಿಮೀಟರನ್ನು ಮೀಟರು ಮಾಡಲು ಆರು ಸೊನ್ನೆ. ತಲೆಕೆಳಗು ಮಾಡಿದರೆ 162.2! ಪಕ್ಕದ ಹುಡುಗ ನಿದ್ದೆಯಿಂದೆದ್ದು, “ಏನಾಯ್ತು ಅಂಕಲ್?” ಎಂದ.

ಆ ಸಂಜೆ ಮರುವಿದ್ಯಾರ್ಥಿ ಸೈಟಿಗೆ ಹೋಗಿ ಮೇಸ್ತ್ರಿಯನ್ನು ಕೂರಿಸಿಕೊಂಡು, ಸಿಮೆಂಟು ಚೀಲದ ಮೇಲೆ ಸೀಮೆಸುಣ್ಣದಿಂದ ಇಡೀ ವ್ಯುತ್ಪತ್ತಿಯನ್ನು ಬಿಡಿಸಿ ತೋರಿಸಿದ. ಮೇಸ್ತ್ರಿ ಬೀಡಿ ಆರುವವರೆಗೂ ಶ್ರದ್ಧೆಯಿಂದ ಕೇಳಿ, “ಅಲ್ಲಾ ಸಾರ್, ಕೊನೆಗೆ ಬಂದಿದ್ದು ನೂರಾ ಅರವತ್ತೆರಡೇ ತಾನೆ?” ಎಂದ.

ಈ ಆಕ್ಷೇಪಕ್ಕೆ ಸಿದ್ಧಾಂತಿಯ ಕಡೆಯಿಂದ ಇನ್ನೂ ಸಮಾಧಾನ ಬಂದಿಲ್ಲ. ಡಿಪ್ಲೊಮಾದವರು ಹೆಚ್ಚುವರಿಯಾಗಿ ಪಾಸು ಮಾಡಲೇಬೇಕಾದ ಗಣಿತದ ಪೇಪರು ಅವನಿಗೆ ಬಾಕಿಯಿದೆ, ಟೈಮ್‌ಟೇಬಲ್ಲೂ ಬಂದಾಗಿದೆ. ಪರೀಕ್ಷೆ ಮುಗಿದ ಮೇಲೆ ಉತ್ತರಿಸುತ್ತೇನೆಂದು ಮೇಸ್ತ್ರಿಯಿಂದ ವಾಯಿದೆ ಪಡೆದಿದ್ದಾನೆ.