ಕಟಕಟ ಮೀಮಾಂಸೆ: ಸೂಪರ್‌ಚಾರ್ಜರ್ ನಿದಾನದಲ್ಲಿ ಹೇತ್ವಾಭಾಸ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಊಹಿಸತಕ್ಕದ್ದು ಎಂಬುದನ್ನು ತರ್ಕಶಾಸ್ತ್ರದ ಮೊದಲ ಪಾಠ ಓದಿದವರೆಲ್ಲ ಬಲ್ಲರು. ಅಮೆರಿಕದ ಪರ್ಫಾರ್ಮೆನ್ಸ್ ವರ್ಕ್‌ಶಾಪುಗಳು ಇದಕ್ಕೊಂದು ವಾರ್ತಿಕ ರಚಿಸಿವೆ: ಬಾನೆಟ್ಟಿನ ಕೆಳಗೆ ಕಟಕಟ ಕೇಳಿಸಿದರೆ ಅಲ್ಲಿ ಹೊಸ ಸೂಪರ್‌ಚಾರ್ಜರ್ ಕೂರತಕ್ಕದ್ದು. ಈ ಅನುಮಾನಕ್ಕೆ ಸವ್ಯಭಿಚಾರವೆಂಬ ರೋಗ ತಗಲಿದೆ, ಅಂದರೆ ಹೇತುವು (ಇಲ್ಲಿ ಕಟಕಟ) ಸಾಧ್ಯವು (ಇಲ್ಲಿ ಸೂಪರ್‌ಚಾರ್ಜರಿನ ದೋಷ) ಇಲ್ಲದ ಮನೆಗಳಲ್ಲೂ ಓಡಾಡಿಕೊಂಡಿದೆ ಎಂಬುದು ಪ್ರಸ್ತುತ ಪ್ರಬಂಧದ ಸಿದ್ಧಾಂತ. ಕಟಕಟ ಬೆಲ್ಟ್ ಟೆನ್ಷನರಿನಿಂದಲೂ ಬರುತ್ತದೆ, ಐಡ್ಲರ್ ಪುಲಿಯಿಂದಲೂ ಬರುತ್ತದೆ. ಎಸ್ಟಿಮೇಟು ಮಾತ್ರ ಸೂಪರ್‌ಚಾರ್ಜರಿನದೇ ಬರುತ್ತದೆ.

ಉದಾಹರಣೆಗೆ ಜನರಲ್ ಮೋಟಾರ್ಸಿನ 3800 ವಿ6 ಎಂಜಿನ್ನನ್ನೂ ಅದರ ತಲೆಯ ಮೇಲೆ ಕುಳಿತ ಈಟನ್ ಎಂ90 ಸೂಪರ್‌ಚಾರ್ಜರನ್ನೂ ಪರಿಶೀಲಿಸೋಣ. ಇದರ ಗೋತ್ರ ದೊಡ್ಡದು: ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಯಂತ್ರ ಕುಲುಮೆಗೆ ಗಾಳಿ ಊದಿತು, ಅದರ ವಂಶಜ ಎಂಜಿನ್ನಿಗೂ ಊದುತ್ತದೆ, ಬಿಲ್ಲನ್ನೂ ಊದಿಸುತ್ತದೆ. ಎಂ90ಯಲ್ಲಿ ಪುಲಿಯ ಶಾಫ್ಟಿಗೂ ರೋಟರುಗಳ ಗೇರಿಗೂ ನಡುವೆ ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕದೊಂದು ಪ್ಲಾಸ್ಟಿಕ್ ಕಪ್ಲರ್ ಇದೆ. ಅದರ ತೂತುಗಳಲ್ಲಿ ಎರಡೂ ಕಡೆಯ ಪಿನ್ನುಗಳು ಸೇರಿಕೊಂಡಿರುತ್ತವೆ. ವರ್ಷಗಟ್ಟಲೆ ಓಡಿ ತೂತುಗಳು ಸವೆದು ಹಿಗ್ಗಿದಾಗ, ಐಡ್ಲಿಂಗಿನಲ್ಲಿ ಪಿನ್ನು ಹಿಂದಕ್ಕೂ ಮುಂದಕ್ಕೂ ಬಡಿದು ಡಬ್ಬಿಯಲ್ಲಿ ಗೋಲಿ ಕುಲುಕಿದ ಸದ್ದಾಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಭಾರ ಒಂದೇ ಕಡೆಗೆ ಬಿದ್ದು ಸದ್ದು ಅಡಗುತ್ತದೆ. ಬೇರಿಂಗ್ ಹೋಗಿದ್ದರೆ ತದ್ವಿರುದ್ಧ: ಆರ್‌ಪಿಎಂ ಏರಿದಷ್ಟೂ ಗೋಳೂ ಏರುತ್ತದೆ. ಈ ಎಂಜಿನ್ನಿನಲ್ಲಿ ಸೂಪರ್‌ಚಾರ್ಜರಿಗೆ ಬೇರೆಯೇ ಬೆಲ್ಟ್ ಇರುವುದರಿಂದ ಅದೊಂದನ್ನು ಕಳಚಿ ಎಂಜಿನ್ ಚಾಲೂ ಮಾಡಬಹುದು. ಸದ್ದು ಉಳಿದರೆ ಸೂಪರ್‌ಚಾರ್ಜರ್ ನಿರಪರಾಧಿ. ನಿಂತರೆ ಆ ಬೆಲ್ಟಿನ ದಾರಿಯಲ್ಲಿರುವ ಪುಲಿಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಬೇಕು. ಈ ಪ್ರತ್ಯಕ್ಷ ಪ್ರಮಾಣಕ್ಕೆ ಹಿಡಿಯುವ ಹೊತ್ತು ಕಡಿಮೆ, ಖರ್ಚು ಅದಕ್ಕಿಂತ ಕಡಿಮೆ. ಬಹುಶಃ ಅದೇ ಅದರ ದೋಷ.

ಇಲ್ಲಿ ಪೂರ್ವಪಕ್ಷಿ ಸ್ಕ್ಯಾನರ್ ಹಿಡಿದು ಬರುತ್ತಾನೆ: ಈಚಿನ ಕಾರುಗಳಲ್ಲಿ ಪಿ0299 ಎಂಬ ಕೋಡೇ ಸಾಕ್ಷಿ ನುಡಿಯುತ್ತದಲ್ಲ? ನುಡಿಯಲಿ. ಬೂಸ್ಟ್ ಸಾಲದು ಎಂದಷ್ಟೇ ಅದು ಹೇಳುತ್ತದೆ, ಯಾಕೆ ಸಾಲದು ಎಂದಲ್ಲ. ಬೈಪಾಸ್ ವಾಲ್ವ್ ತೆರೆದೇ ಸಿಕ್ಕಿಕೊಂಡು ತಳ್ಳಿದ ಗಾಳಿ ಮತ್ತೆ ಬಂದ ದಾರಿಗೇ ತಿರುಗುತ್ತಿರಬಹುದು, ಬೆಲ್ಟ್ ಜಾರುತ್ತಿರಬಹುದು, ಪೈಪ್ ಸೀಳಿರಬಹುದು. ಸೀಳು ಹುಡುಕಲು ಪೈಪಿಗೆ ಹೊಗೆ ತುಂಬಿ ಎಲ್ಲಿ ಹೊರಬರುತ್ತದೆಂದು ನೋಡುವ ಪದ್ಧತಿಯುಂಟು; ಹೊಗೆಯಿದ್ದೂ ಬೆಂಕಿಯಿಲ್ಲದ ಈ ಪರೀಕ್ಷೆ ನೈಯಾಯಿಕರನ್ನು ಕಂಗೆಡಿಸಿದರೂ ನಮಗೆ ಸಮ್ಮತ. ವರ್ಕ್‌ಶಾಪಿಗೆ ಪ್ರಿಯವಾದ ಚಿಕಿತ್ಸೆಯೇ ಬೇರೆ: ಚಿಕ್ಕ ಪುಲಿ ಹಾಕಿ ಸೂಪರ್‌ಚಾರ್ಜರನ್ನು ಇನ್ನೂ ಜೋರಾಗಿ ತಿರುಗಿಸುವುದು. ಚಿಕ್ಕ ಪುಲಿಯನ್ನು ಬೆಲ್ಟ್ ತಬ್ಬುವುದು ಕಡಿಮೆ, ಜಾರುವುದು ಹೆಚ್ಚು. ಗಾಳಿಯೂ ಹೆಚ್ಚು ಕಾಯುತ್ತದೆ, ನಾಕಿಂಗ್ ಶುರುವಾದರೆ ಕಂಪ್ಯೂಟರ್ ಟೈಮಿಂಗ್ ತಗ್ಗಿಸುತ್ತದೆ, ಕಾಸು ಕೊಟ್ಟು ತಂದ ಪಿಕಪ್ ಕಾಣೆಯಾಗುತ್ತದೆ. ಆಗ ಶಕ್ತಿ ಅಳೆಯುವ ಡೈನೊ ಯಂತ್ರದ ಚೀಟಿ ತೋರಿಸುತ್ತಾರೆ. ಡೈನೊ ಎಷ್ಟು ಎಂಬುದಕ್ಕೆ ಸಾಕ್ಷಿ, ಏಕೆ ಎಂಬುದಕ್ಕಲ್ಲ.

ಒಂದು ಆಕ್ಷೇಪಕ್ಕೆ ಮಾತ್ರ ತೂಕವಿದೆ: ಕಪ್ಲರ್ ಅಗ್ಗ, ಬಿಚ್ಚುವ ಕೂಲಿ ದುಬಾರಿ. ನಿಜ. ಹೇಗೂ ಬಿಚ್ಚಿದ ಮೇಲೆ ಮುಂದಿನ ಬೇರಿಂಗನ್ನೂ ಎಣ್ಣೆಯನ್ನೂ ಬದಲಿಸುವುದು ಜಾಣತನವೇ. (ಎಂ90ಗೆ ಎಂಜಿನ್ನಿನದಲ್ಲದ ತನ್ನದೇ ಎಣ್ಣೆಯಿದೆ ಎಂಬುದನ್ನು ಮರೆತವರಲ್ಲಿ ಪಂಡಿತರೂ ಸೇರಿದ್ದಾರೆ.) ಆದರೆ ಇದರಿಂದ ಇಡೀ ಯಂತ್ರ ಬದಲಿಸಬೇಕೆಂದು ಸಿದ್ಧವಾಗುವುದಿಲ್ಲ. ಆದ್ದರಿಂದ ವಾಚಕರು ಬೆಲ್ಟ್ ಕಳಚಿ ನೋಡದೆ ಕೊಟ್ಟ ಎಸ್ಟಿಮೇಟಿಗೆ ಸಹಿ ಹಾಕಬಾರದು. ಕಪ್ಲರ್ ಬದಲಿಸಿದೆವೆಂದರೆ ಹಳೆಯದನ್ನು ಕೇಳಿ ಪಡೆದು, ಅದರ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿಯೇ ಹಣ ಎಣಿಸತಕ್ಕದ್ದು.