ಅಂಗಳದಲ್ಲಿ ಯಾರೋ

ನಮ್ಮೂರಿನಲ್ಲಿ ಯಾರದಾದರೂ ಮನೆ ಮುಂದೆ ಹುಲ್ಲು ಬೆಳೆದಿದೆ ಎಂದರೆ ಅದು ಬೈಗುಳ. ಅಂಥ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು. ರಜೆ ಬಂತೆಂದರೆ ಅಮ್ಮ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಅಂಗಳದ ಗರಿಕೆ ಕೀಳಿಸುತ್ತಿದ್ದಳು. ಕಿತ್ತ ಜಾಗಕ್ಕೆ ಸಗಣಿ ಸಾರಿಸಿ ರಂಗೋಲಿ ಬಿಟ್ಟರೆ ಅದು ಅಂಗಳ. ಅಲ್ಲಿಂದ ಎದ್ದು ಬಂದ ನಾನು ಕ್ಯಾಲಿಫೋರ್ನಿಯದ ಫ್ರೀಮಾಂಟಿನಲ್ಲಿ ಮನೆ ಕೊಂಡು, ತಿಂಗಳು ತಿಂಗಳು ದುಡ್ಡು ಸುರಿದು ಹುಲ್ಲಿಗೆ ನೀರು, ಗೊಬ್ಬರ, ಕ್ಷೌರ ಮಾಡಿಸುತ್ತಿದ್ದೆ. ಅಮ್ಮನಿಗೆ ಇದನ್ನು ಹೇಳಿರಲಿಲ್ಲ.

ಆಮೇಲೆ ಬರ ಬಂತು. 2015ರ ಏಪ್ರಿಲ್ 1ರಂದು ಗವರ್ನರ್ ಜೆರ್ರಿ ಬ್ರೌನ್ ಸಿಯೆರಾ ನೆವಾಡಾ ಬೆಟ್ಟದಲ್ಲಿ, ಆಳೆತ್ತರಕ್ಕೆ ಹಿಮ ಬಿದ್ದಿರಬೇಕಾದ ಕಡೆ, ಒಣಹುಲ್ಲಿನ ಮೇಲೆ ನಿಂತು, ಊರುಗಳ ನೀರಿನ ಬಳಕೆ ಶೇ. 25ರಷ್ಟು ಇಳಿಯಬೇಕೆಂದು ಆಜ್ಞೆ ಹೊರಡಿಸಿದರು. ತಾರೀಖು ನೋಡಿ ತಮಾಷೆ ಇರಬೇಕು ಅಂದುಕೊಂಡೆ. ತಮಾಷೆಯಾಗಿರಲಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಗವರ್ನರ ಹೆಸರಿಗೆ ತಕ್ಕಂತೆ ಬೀದಿಯ ಲಾನುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದವು.

ನರ್ಸರಿಯಲ್ಲಿ ಒಬ್ಬಾಕೆ, ಹುಲ್ಲು ಬಿಟ್ಟುಬಿಡಿ, ಯಾರೋ (yarrow) ಎಂಬ ಗಿಡ ಹಾಕಿ ಅಂದರು. ಅದೇ ವಾರ ಊರಿಂದ ಫೋನು.

“ಅಂಗಳದಲ್ಲಿ ಏನು ಹಾಕ್ತಿದ್ದೀಯಂತೆ?”

“ಯಾರೋ ಅಮ್ಮ.”

“ಯಾರೋ ಅಂದ್ರೆ? ನಿನ್ನ ಅಂಗಳದಲ್ಲಿ ಯಾರೋ ಯಾಕೆ ಹಾಕ್ತಾರೆ?”

ಸೇವಂತಿಗೆ, ದವನಗಳ ಬಳಗದ್ದು ಎಂದು ವಿವರಿಸುವ ಹೊತ್ತಿಗೆ ಫೋನ್ ಕಾರ್ಡಿನ ದುಡ್ಡು ಮುಗಿದಿತ್ತು.

ಸಸ್ಯಶಾಸ್ತ್ರದವರು ಇದನ್ನು ಅಕಿಲಿಯ ಮಿಲೆಫೋಲಿಯಂ ಎನ್ನುತ್ತಾರೆ. ಟ್ರಾಯ್ ಯುದ್ಧದ ಅಕಿಲಿಸ್ ಗಾಯಾಳುಗಳಿಗೆ ಇದರ ಎಲೆ ಕಟ್ಟುತ್ತಿದ್ದನಂತೆ. ಅದಕ್ಕೇ ಆ ಹೆಸರು. ಮಿಲೆಫೋಲಿಯಂ ಎಂದರೆ ಸಾವಿರ ಎಲೆ. ಒಂದೇ ಎಲೆ ಅಷ್ಟು ನುಣ್ಣಗೆ ಸೀಳಿಕೊಂಡಿರುತ್ತದೆ. ನೋಡಲು ಥೇಟ್ ಸಬ್ಬಸಿಗೆ. ನನ್ನ ಹೆಂಡತಿ ಒಂದು ಎಲೆ ಹಿಸುಕಿ ಮೂಸಿ, “ಅಕ್ಕಿರೊಟ್ಟಿಗೆ ಬೇಡ” ಎಂದು ತೀರ್ಪು ಕೊಟ್ಟಳು.

ಬೀಜದ ಎದುರು ರಾಗಿಯೇ ಕುಂಬಳಕಾಯಿ. ಕೈಗೆ ಸಿಗುವುದಿಲ್ಲ, ಮರಳಲ್ಲಿ ಬೆರೆಸಿ ಎರಚಬೇಕು. ಮೇಲೆ ಮಣ್ಣು ಮುಚ್ಚುವ ಹಾಗಿಲ್ಲ; ಮೊಳೆಯಲು ಬೆಳಕು ಬೇಕು. ಬೇರೂರುವ ತನಕ ನೀರನ್ನೂ ಕೇಳುತ್ತದೆ. ನೀರು ಉಳಿಸುವ ಗಿಡಕ್ಕೆ ಬರಗಾಲದಲ್ಲಿ ಪೈಪು ಹಿಡಿದು ನಿಂತ ನನ್ನನ್ನು ಎದುರುಮನೆಯ ಮುದುಕ ನೋಡಿದ ನೋಟ ಇನ್ನೂ ಮರೆತಿಲ್ಲ. ಒಮ್ಮೆ ಹಿಡಿಯಿತೋ, ನೆಲದಡಿಯಲ್ಲೇ ಕಾಂಡ ಚಾಚಿ ಹರಡುತ್ತದೆ. ವರ್ಷಕ್ಕೆ ನಾಲ್ಕಾರು ಸಲ, ಮೂರು ಇಂಚು ಬಿಟ್ಟು ಕತ್ತರಿಸಿದರೆ ಮೆತ್ತನೆಯ ಹಾಸು. ಕತ್ತರಿಸದಿದ್ದರೆ ಮೊಣಕಾಲೆತ್ತರ ಎದ್ದು ಬಿಳಿ ಹೂಗೊಂಚಲು ಬಿಟ್ಟು ಜೇನ್ನೊಣಗಳನ್ನು ಕರೆಯುತ್ತದೆ. ನಾನು ಸೋಮಾರಿ, ನನ್ನಲ್ಲಿ ಹೂವೇ ಜಾಸ್ತಿ. ಮಕ್ಕಳು ದಿನಾ ಕ್ರಿಕೆಟ್ ಆಡಿದರೆ ಮಾತ್ರ ತಡೆಯುವುದಿಲ್ಲ, ಪಿಚ್ಚಿನ ಉದ್ದಕ್ಕೂ ಬೋಳು. ನಾಯಿ ಸಾಕಿದವರಿಗೂ ಬೇಡ. ತಿಂದರೆ ಅದಕ್ಕೆ ವಿಷ.

ಇದಕ್ಕೆಲ್ಲ ಮೊದಲು ಹಳೆಯ ಹುಲ್ಲನ್ನು ಕೊಲ್ಲಬೇಕಿತ್ತು. ಇಲ್ಲಿಯವರು ಬರ್ಮುಡ ಗ್ರಾಸ್ ಎಂದು ಹಲ್ಲು ಕಡಿಯುವ ಹುಲ್ಲು ಅದು. ಆರು ವಾರ ಪ್ಲಾಸ್ಟಿಕ್ ಹೊದಿಸಿ ಬಿಸಿಲಲ್ಲಿ ಬೇಯಿಸಿದೆ. ಸತ್ತಿತು ಅಂದುಕೊಂಡೆ. ಮರುವರ್ಷ ಯಾರೋ ನಡುವಿನಿಂದ ತಲೆ ಎತ್ತಿತು. ಕಿತ್ತೆ, ಬೈದೆ, ಮತ್ತೆ ಕಿತ್ತೆ.

ಅಷ್ಟರಲ್ಲಿ ಅಮ್ಮ ಬಂದಳು. ಮೊದಲ ದಿನವೇ ಅಂಗಳಕ್ಕಿಳಿದು, ಸಾವಿರ ಎಲೆಯ ಅಕಿಲಿಸನನ್ನು ಕಣ್ಣೆತ್ತಿಯೂ ನೋಡದೆ ಕುಕ್ಕರುಗಾಲಲ್ಲಿ ಕೂತಳು.

“ಗರಿಕೆ ಕಣೋ! ಇಷ್ಟು ಚೆನ್ನಾಗಿ ಬಂದಿದೆ, ಇದನ್ನ ಕೀಳ್ತಿದ್ದೀಯಾ?”

“ನೀನೇ ಅಲ್ವಾ ಅಮ್ಮ ಕೀಳೋದು ಕಲಿಸಿದ್ದು?”

“ಅದು ಅಲ್ಲಿ” ಅಂದಳು.

ನಿಜ, ಬರ್ಮುಡ ಗ್ರಾಸ್ ಎಂದರೆ ಗರಿಕೆಯೇ. ಹದಿನಾಲ್ಕು ವರ್ಷ ದುಡ್ಡು ಕೊಟ್ಟು ಸಾಕಿದ್ದೂ ಅದನ್ನೇ, ಪ್ಲಾಸ್ಟಿಕ್ಕಿನಡಿ ಬೇಯಿಸಿದ್ದೂ ಅದನ್ನೇ, ಗುರುತೇ ಸಿಕ್ಕಿರಲಿಲ್ಲ. ಆ ವರ್ಷ ಚೌತಿಗೆ ಗಣಪನಿಗೆ ಇಪ್ಪತ್ತೊಂದು ಗರಿಕೆ ಆರಿಸಲು ಅಮ್ಮನಿಗೆ ಐದು ನಿಮಿಷವೂ ಹಿಡಿಯಲಿಲ್ಲ. ಫ್ರೀಮಾಂಟಿನ ಆಸುಪಾಸಿನ ಕನ್ನಡಿಗರು ಬೇಕಿದ್ದರೆ ಬನ್ನಿ, ಬೇರುಸಮೇತ ಕೊಡುತ್ತೇನೆ.